‘ನನಗೇನು ಕೆಲಸ, ಮನೆಯಲ್ಲೇ ಇದ್ದೇನೆ’: ಕಾರ್ಮಿಕ ಬಲವನ್ನು ಎಣಿಸಲು ಕಲಿಯೋಣ

ಬೆಳಗಿನ ಐದೂವರೆಗೆ ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆದು, ಕ್ಯಾನಿಗೆ ಸುರಿದು ಡೈರಿಗೆ ಕಳುಹಿಸಿ ಒಲೆ ಹಚ್ಚುವ ಹೊತ್ತಿಗೆ ಗಂಟೆ ಏಳಾಗಿರುತ್ತದೆ. ಹನ್ನೊಂದು ಗಂಟೆಗೆ ಯಾರೋ ಬಾಗಿಲಿಗೆ ಬಂದು, “ಅಮ್ಮಾ, ನೀವೇನು ಕೆಲಸ ಮಾಡುತ್ತೀರಿ?” ಎಂದು ಕೇಳುತ್ತಾರೆ. ಆ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, “ನನಗೇನು ಕೆಲಸ, ಮನೆಯಲ್ಲೇ ಇದ್ದೇನೆ” ಎನ್ನುತ್ತಾಳೆ. ನನ್ನ ಅಮ್ಮನೂ ಹಾಗೆಯೇ ಹೇಳುತ್ತಿದ್ದಳು. ಹೇಳುವಾಗ ಅವಳ ಕೈಯಲ್ಲಿ ಹಾಲಿನ ವಾಸನೆ ಇನ್ನೂ ಇರುತ್ತಿತ್ತು.

ಬಂದವರು ಆ ಮಾತನ್ನು ಹಾಗೆಯೇ ಬರೆದುಕೊಂಡರೆ ಆಕೆ ದೇಶದ ಕಾರ್ಮಿಕ ಬಲದ, ಅಂದರೆ ದುಡಿಯುತ್ತಿರುವವರು ಮತ್ತು ದುಡಿಮೆ ಬೇಕೆಂದು ಕಾಯುತ್ತಿರುವವರು ಸೇರಿದ ಗುಂಪಿನ, ಹೊರಗೆ ಉಳಿಯುತ್ತಾಳೆ. “ಹಸು ಇದೆಯೇ? ಹಾಲು ಕರೆಯುವವರು ಯಾರು?” ಎಂದು ಇನ್ನೊಂದು ಪ್ರಶ್ನೆ ಕೇಳಿದರೆ ಅದೇ ಹೆಂಗಸು, ಅದೇ ದಿನ, ಉದ್ಯೋಗಸ್ಥರ ಸಾಲಿಗೆ ಸೇರುತ್ತಾಳೆ. ಪತ್ರಿಕೆಯಲ್ಲಿ ಬರುವ ನಿರುದ್ಯೋಗ ದರ ಇಂಥ ಲಕ್ಷಾಂತರ ಬಾಗಿಲುಗಳ ಮುಂದೆ ಕೇಳಿದ ಪ್ರಶ್ನೆಗಳಿಂದ ಹುಟ್ಟುತ್ತದೆ. ಆದ್ದರಿಂದ ಸೂತ್ರವನ್ನು ಬಾಯಿಪಾಠ ಮಾಡುವ ಬದಲು ನಾವೇ ಗಣತಿದಾರರಾಗಿ ಎರಡು ಮನೆಗಳ ಬಾಗಿಲಿಗೆ ಹೋಗೋಣ. ಇದನ್ನು ಕಲಿತ ಮೇಲೆ ನಿಮ್ಮ ಬೀದಿಯ ಲೆಕ್ಕವನ್ನೂ ನೀವೇ ಹಾಕಬಹುದು. ಬೇಕಾಗುವುದು ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಸ್ವಲ್ಪ ತಾಳ್ಮೆ.

ಲೆಕ್ಕಕ್ಕೆಂದು ನಾನು ಕಲ್ಪಿಸಿಕೊಂಡಿರುವ ಈ ಎರಡೂ ಮನೆಗಳು ಮಲೆನಾಡಿನ ಒಂದು ಊರಿನವು. ಮೊದಲನೆಯದು ಒಂದು ಎಕರೆ ಅಡಿಕೆ ತೋಟವಿರುವ ಮನೆ. ಅಲ್ಲಿ 72ರ ಅಜ್ಜಿ, 54ರ ಯಜಮಾನ, 48ರ ಅವನ ಹೆಂಡತಿ, ಬೆಂಗಳೂರಿನಲ್ಲಿ ಕೆಲಸಕ್ಕಿರುವ 27ರ ಹಿರಿಯ ಮಗ, ಪದವಿ ಮುಗಿಸಿ ಎರಡು ವರ್ಷವಾದ 24ರ ಕಿರಿಯ ಮಗ, ಬಿ.ಕಾಂ. ಓದುತ್ತಿರುವ 20ರ ಮಗಳು. ಎರಡನೆಯದು ಕೂಲಿಯವರ ಮನೆ. 43ರ ಗಂಡ, 38ರ ಹೆಂಡತಿ, ಶಾಲೆಗೆ ಹೋಗುವ ಒಂದು ಮಗು.

ಮೊದಲ ಹೆಜ್ಜೆ: ಬೇಲಿ ಹಾಕಿ

ಯಾರನ್ನು ಎಣಿಸಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ರಾಷ್ಟ್ರೀಯ ಸಾಂಖ್ಯಿಕ ಕಚೇರಿ ನಡೆಸುವ, ಪತ್ರಿಕೆಗಳು ಪಿಎಲ್‌ಎಫ್‌ಎಸ್ ಎಂದು ಕರೆಯುವ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ಸಾಮಾನ್ಯವಾಗಿ ಮುಂದಿಡುವುದು 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರ ಅಂಕಿ. ಮೇಲಿನ ವಯಸ್ಸಿಗೆ ಮಿತಿಯಿಲ್ಲ. ಹಾಗಾಗಿ ಅಜ್ಜಿಯೂ ಬೇಲಿಯ ಒಳಗೇ ಇದ್ದಾಳೆ, ಶಾಲೆಯ ಮಗು ಹೊರಗಿದೆ.

‘ಮನೆ’ ಎಂದರೆ ಏನು ಎಂಬುದಕ್ಕೂ ವ್ಯಾಖ್ಯೆ ಇದೆ, ಮತ್ತು ಅದು ನಮ್ಮ ಊರಿನ ಮಾತಿಗೆ ಬಹಳ ಹತ್ತಿರವಾದದ್ದು: ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತಾ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಅಣ್ಣತಮ್ಮಂದಿರು ಒಂದೇ ಸೂರಿನ ಕೆಳಗಿದ್ದರೂ ಒಲೆ ಬೇರೆಯಾಗಿದ್ದರೆ ಅದು ಎರಡು ಮನೆ. ಬೆಂಗಳೂರಿನ ಪಿ.ಜಿ.ಯಲ್ಲಿರುವ ಹಿರಿಯ ಮಗನನ್ನು ಇಲ್ಲಿ ಬರೆದುಕೊಳ್ಳುವಂತಿಲ್ಲ. ಹಾಸ್ಟೆಲ್, ವಸತಿಗೃಹಗಳಲ್ಲಿ ಇರುವ ಪ್ರತಿಯೊಬ್ಬರೂ ಸಮೀಕ್ಷೆಯ ಲೆಕ್ಕದಲ್ಲಿ ಒಬ್ಬರೇ ಇರುವ ಒಂದೊಂದು ‘ಮನೆ’. ಅವನ ತಾಯಿ “ಅವನ ಹೆಸರೂ ಬರೆದುಕೊಳ್ಳಿ, ಹಬ್ಬಕ್ಕೆ ಬರುತ್ತಾನೆ” ಎನ್ನುತ್ತಾಳೆ. ಬರೆಯಬೇಡಿ, ಅವನು ಎರಡು ಕಡೆ ಎಣಿಕೆಯಾಗುತ್ತಾನೆ.

ಬೇಲಿಯೊಳಗೆ ಉಳಿದವರು ತೋಟದ ಮನೆಯ ಐವರು, ಕೂಲಿ ಮನೆಯ ಇಬ್ಬರು. ಒಟ್ಟು ಏಳು.

ಎರಡನೆಯ ಹೆಜ್ಜೆ: ಯಾವುದು ‘ಕೆಲಸ’?

ಇಡೀ ಲೆಕ್ಕದ ಬೇರು ಇಲ್ಲಿದೆ. ಇಲ್ಲಿ ಎಡವಿದರೆ ಮುಂದಿನ ಯಾವ ಭಾಗಾಕಾರವೂ ನೆಟ್ಟಗಾಗುವುದಿಲ್ಲ.

ಅರ್ಥಶಾಸ್ತ್ರಜ್ಞರು ಕೆಲಸವನ್ನು ಬೆವರಿನಿಂದ ಅಳೆಯುವುದಿಲ್ಲ. ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಉತ್ಪಾದನೆಗೆ ಒಂದು ಗಡಿ ಎಳೆದಿದ್ದಾರೆ. ಆ ಗಡಿಯ ಒಳಗೆ ನಡೆಯುವುದು ಆರ್ಥಿಕ ಚಟುವಟಿಕೆ, ಅದರಲ್ಲಿ ತೊಡಗಿದವರು ಉದ್ಯೋಗಸ್ಥರು. ಕೂಲಿ, ಸಂಬಳ, ಲಾಭಕ್ಕಾಗಿ ಮಾಡಿದ್ದೆಲ್ಲ ಒಳಗೆ ಬರುತ್ತದೆ. ಮನೆಯ ಜಮೀನಿನಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿದರೂ ಒಳಗೆ. ಇಷ್ಟರವರೆಗೆ ಯಾರಿಗೂ ತಕರಾರಿಲ್ಲ. ಗೊಂದಲ ಶುರುವಾಗುವುದು ಮನೆಯವರೇ ಬಳಸಲು ಮಾಡಿಕೊಂಡ ವಸ್ತುಗಳ ವಿಷಯದಲ್ಲಿ.

ನಮ್ಮ ದೇಶದ ಸಮೀಕ್ಷೆಯ ನಿಯಮ ಹೀಗಿದೆ. ಸ್ವಂತ ಊಟಕ್ಕೆಂದು ಭತ್ತ ಬೆಳೆದರೂ ಅದು ಕೆಲಸ. ಅದೇ ಭತ್ತವನ್ನು ಮನೆಯ ಅನ್ನಕ್ಕಾಗಿ ಕುಟ್ಟಿ ಅಕ್ಕಿ ಮಾಡಿದರೆ ಅದು ಕೆಲಸವಲ್ಲ. ಬೆಳೆಯುವುದು ಉತ್ಪಾದನೆ, ಸ್ವಂತಕ್ಕೆ ಸಂಸ್ಕರಿಸುವುದು ಮನೆವಾರ್ತೆ. ಹಸು ಸಾಕಿ ಹಾಲು ಕರೆಯುವುದು ಗಡಿಯೊಳಗಿದೆ. ಆ ಹಾಲನ್ನು ಹೆಪ್ಪು ಹಾಕಿ, ಕಡೆದು, ಮನೆಯ ಮಕ್ಕಳ ತುತ್ತಿಗೆಂದು ತುಪ್ಪ ಕಾಯಿಸುವುದು ಹೊರಗಿದೆ. ಅದೇ ತುಪ್ಪವನ್ನು ಸಂತೆಯಲ್ಲಿ ಮಾರಿದರೆ ಮತ್ತೆ ಒಳಗೆ. ತಮ್ಮ ಮನೆಗೆ ತಾವೇ ಗೋಡೆ ಕಟ್ಟಿಕೊಂಡರೆ ಕೆಲಸ, ಕಟ್ಟಿದ ಗೋಡೆಯ ಒಳಗೆ ದಿನವೂ ಅಡುಗೆ ಮಾಡಿದರೆ ಅಲ್ಲ. ಬೇರೆಯವರ ಮನೆಯಲ್ಲಿ ಕೂಲಿಗೆ ಅಡುಗೆ ಮಾಡಿದವಳು ಉದ್ಯೋಗಸ್ಥೆ, ಸ್ವಂತ ಮನೆಗೆ ಬಂದು ಮಾಡುವ ಅಡುಗೆ ಲೆಕ್ಕಕ್ಕಿಲ್ಲ. ಕಾಡಿನಿಂದ ಮನೆಯ ಒಲೆಗೆ ಸೌದೆ ತರುವುದಕ್ಕೆ ಸಮೀಕ್ಷೆಯಲ್ಲಿ ಬೇರೆಯೇ ಸಂಕೇತ ಸಂಖ್ಯೆ ಇದೆ, 93. ಬರೀ ಮನೆಗೆಲಸಕ್ಕೆ 92. ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು, ಮೇವು ತಂದವರಿಗೆ, ಮನೆಯವರಿಗೆ ಬಟ್ಟೆ ಹೊಲಿದವರಿಗೆ 93. ಎರಡೂ ಸಂಖ್ಯೆಗಳು ಕಾರ್ಮಿಕ ಬಲದ ಹೊರಗೆ ಬೀಳುತ್ತವೆ.

ಈ ಗಡಿ ದೇವರು ಬರೆದದ್ದಲ್ಲ, ಸಮಿತಿಗಳು ಕುಳಿತು ಒಪ್ಪಿಕೊಂಡದ್ದು. ಎಲ್ಲಾದರೂ ಒಂದು ಕಡೆ ಗೆರೆ ಎಳೆಯದೆ ಎಣಿಸಲಾಗದು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಗೆರೆಯಾಚೆ ಉಳಿದವರನ್ನು ‘ದುಡಿಯದವರು’ ಎಂದು ಓದುವುದು ತಪ್ಪು. ಲೆಕ್ಕದ ಭಾಷೆಯಲ್ಲಿ ಅವರು ಕಾರ್ಮಿಕ ಬಲದಲ್ಲಿ ಇಲ್ಲದವರು, ಅಷ್ಟೇ.

ಈಗ ತೋಟದ ಮನೆಯ ಯಜಮಾನತಿಯ ಮುಂದೆ ಕುಳಿತುಕೊಳ್ಳಿ. “ಕೆಲಸ ಮಾಡುತ್ತೀರಾ?” ಎಂದು ಕೇಳಬೇಡಿ. ನಮ್ಮ ಕಡೆ ಕೆಲಸ ಎಂದರೆ ಸಂಬಳದ ಕೆಲಸ ಎಂದೇ ಜನರ ಎಣಿಕೆ. “ನಿನ್ನೆ ಎದ್ದಾಗಿನಿಂದ ಏನೇನು ಮಾಡಿದಿರಿ?” ಎಂದು ಕೇಳಿ ಸುಮ್ಮನಿರಿ. ಅವಳು ಹೇಳುತ್ತಾ ಹೋಗುತ್ತಾಳೆ. ಕೊಟ್ಟಿಗೆ, ಹಾಲು, ತಿಂಡಿ, ಅಂಗಳದಲ್ಲಿ ಹರವಿದ ಅಡಿಕೆಯನ್ನು ಎರಡು ಸಲ ಕೈಯಾಡಿಸಿದ್ದು, ಮೋಡ ಕವಿದಾಗ ಓಡಿಹೋಗಿ ಗುಡ್ಡೆ ಮಾಡಿ ಮುಚ್ಚಿದ್ದು, ಬಟ್ಟೆ, ಅತ್ತೆಗೆ ಮಾತ್ರೆ, ಸಂಜೆ ಮತ್ತೆ ಹಾಲು. ನೋಟ್‌ಬುಕ್ಕಿನಲ್ಲಿ ಎರಡು ಕಲಂ ಮಾಡಿ. ಕೊಟ್ಟಿಗೆ, ಹಾಲು, ಅಡಿಕೆ ಎಡಗಡೆಗೆ, ಉಳಿದದ್ದು ಬಲಗಡೆಗೆ. ಎಡಗಡೆಯದ್ದೇ ನಾಲ್ಕು ಗಂಟೆ ಮೀರುತ್ತದೆ. ಡೈರಿಯ ಪಾಸ್‌ಬುಕ್ ಗಂಡನ ಹೆಸರಿನಲ್ಲಿರಬಹುದು, ಪಹಣಿಯೂ ಅವನದೇ ಇರಬಹುದು. ಅದು ಇಲ್ಲಿ ಮುಖ್ಯವಲ್ಲ. ದುಡಿದವರು ಯಾರು ಎಂಬುದಷ್ಟೇ ಮುಖ್ಯ. ಅವಳು ‘ಕುಟುಂಬದ ಉದ್ಯಮದಲ್ಲಿ ಸಂಬಳವಿಲ್ಲದ ಸಹಾಯಕಿ’, ಸಂಕೇತ ಸಂಖ್ಯೆ 21. ಆ ‘ಸಹಾಯಕಿ’ ಎಂಬ ಹೆಸರು ನನಗೆ ಸರಿಕಾಣುವುದಿಲ್ಲ. ಹಸುವಿನ ಕೆಲಸದಲ್ಲಿ ಅವಳಿಗೆ ಸಹಾಯ ಮಾಡುವವನು ಗಂಡ. ಆದರೂ ಅವಳು ಕಾರ್ಮಿಕ ಬಲದ ಒಳಗೆ ಬಂದಳು.

ಹಿಂದೆ ಐದು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಸಮೀಕ್ಷೆಗಳಲ್ಲಿ, ಮನೆವಾರ್ತೆ ಎಂದು ಬರೆಸಿಕೊಂಡ ಹೆಂಗಸರಿಗೆ ಕೈತೋಟ, ಕೋಳಿ, ಹಸು, ಸೌದೆ, ನೀರು ಎಂದು ಒಂದೊಂದಾಗಿ ಕೆದಕಿ ಕೇಳುವ ಪ್ರಶ್ನೆಗಳ ಪಟ್ಟಿಯೇ ಇತ್ತು. ಕೆದಕದೆ ಉತ್ತರ ಸಿಗುವುದಿಲ್ಲ ಎಂಬುದು ಆ ಕಾಲದವರಿಗೂ ಗೊತ್ತಿತ್ತು.

ಮೂರನೆಯ ಹೆಜ್ಜೆ: ಯಾವ ಅವಧಿ?

ಅಡಿಕೆ ಸುಲಿಯುವ ಕಾಲದಲ್ಲಿ ಮಲೆನಾಡಿಗೆ ಹೋದವರು ನೋಡಿರುತ್ತೀರಿ. ರಾತ್ರಿ ಊಟವಾದ ಮೇಲೂ ಚಪ್ಪರದ ಕೆಳಗೆ ದೀಪ ಉರಿಯುತ್ತಿರುತ್ತದೆ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತ ಹೆಂಗಸರು ಒಂದೊಂದೇ ಕಾಯಿಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುತ್ತಾರೆ. ಡಬ್ಬಕ್ಕೆ ಇಷ್ಟು ಎಂದು ಕೂಲಿ. ಕೂಲಿ ಮನೆಯ 38ರ ಆ ಹೆಂಗಸು ಅಲ್ಲಿದ್ದಾಳೆ, ಬೆರಳುಗಳೆಲ್ಲ ಅಡಿಕೆಯ ತೊಗರಿಗೆ ಕಪ್ಪಾಗಿವೆ. ಡಿಸೆಂಬರಿನಲ್ಲಿ ಅವಳನ್ನು ಕೇಳಿದರೆ ಅವಳಷ್ಟು ದುಡಿಯುವವರು ಊರಲ್ಲೇ ಇಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ ಹೋಗಿ ಕೇಳಿದರೆ ಒಲೆಯ ಮುಂದೆ ಕುಳಿತಿರುತ್ತಾಳೆ, ಕರೆಯುವವರಿಲ್ಲ. ಅವಳು ಉದ್ಯೋಗಸ್ಥೆಯೋ, ನಿರುದ್ಯೋಗಿಯೋ, ಎರಡೂ ಅಲ್ಲವೋ?

ಈ ಕಷ್ಟವನ್ನು ನಮ್ಮವರು ಬೇಗ ಗುರುತಿಸಿದರು. ಕಾರ್ಖಾನೆಯ ದೇಶಗಳಿಗೆ ಹೊಲಿದ ಅಳತೆ ಹಂಗಾಮಿನ ಮೇಲೆ ಬದುಕುವ ದೇಶಕ್ಕೆ ಹೊಂದುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಎಂ. ಎಲ್. ದಾಂತವಾಲಾ ಅವರ ನೇತೃತ್ವದ ತಜ್ಞರ ಸಮಿತಿ 1970ರಲ್ಲಿ ವರದಿ ಕೊಟ್ಟಿತು. ಆ ದಾರಿಯಲ್ಲೇ 1972-73ರ ದೊಡ್ಡ ಸಮೀಕ್ಷೆ ನಡೆಯಿತು. ಒಂದೇ ಅಳತೆಗೋಲಿನ ಬದಲು ಮೂರು ಬಂದವು.

ವರ್ಷದ ಅಳತೆ, ಅಂದರೆ ‘ಸಾಮಾನ್ಯ ಸ್ಥಿತಿ’. ಕಳೆದ 365 ದಿನಗಳನ್ನು ನೋಡಿ. ಅವಳು ನಾಲ್ಕು ತಿಂಗಳು ದುಡಿದಳು, ಮೂರು ತಿಂಗಳು ಕರೆದರೆ ಬರುತ್ತೇನೆ ಎಂದು ಕಾದಳು, ಐದು ತಿಂಗಳು ಮನೆವಾರ್ತೆಯಲ್ಲಿ ಮಾತ್ರ ಇದ್ದಳು ಎಂದುಕೊಳ್ಳಿ. ಮೊದಲು ದುಡಿದದ್ದನ್ನೂ ಕಾದದ್ದನ್ನೂ ಕೂಡಿಸಬೇಕು, ಏಳು ತಿಂಗಳು. ಅದು ಐದಕ್ಕಿಂತ ಹೆಚ್ಚು, ಹಾಗಾಗಿ ಅವಳು ಕಾರ್ಮಿಕ ಬಲದ ಒಳಗೆ. ಆಮೇಲೆ ಒಳಗಿನ ಎರಡನ್ನು ಹೋಲಿಸಬೇಕು. ನಾಲ್ಕು, ಮೂರಕ್ಕಿಂತ ಹೆಚ್ಚು, ಹಾಗಾಗಿ ಉದ್ಯೋಗಸ್ಥೆ. ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ. ಮೂರನ್ನೂ ಒಟ್ಟಿಗೆ ಹೋಲಿಸಿದರೆ ಐದು ತಿಂಗಳ ಮನೆವಾರ್ತೆಯೇ ದೊಡ್ಡದಾಗಿ ಕಂಡು ಅವಳು ಹೊರಗೆ ಬೀಳುತ್ತಾಳೆ. ನಾನು ಮೊದಲ ಸಲ ಈ ಲೆಕ್ಕ ಮಾಡಿದಾಗ ಆ ತಪ್ಪನ್ನೇ ಮಾಡಿದ್ದೆ.

ಮಳೆ ಜಾಸ್ತಿಯಾಗಿ ಮುಂದಿನ ವರ್ಷ ಮೂರು ತಿಂಗಳು ಕೆಲಸ, ಎರಡು ತಿಂಗಳು ಕಾಯುವಿಕೆ, ಏಳು ತಿಂಗಳು ಮನೆ ಎಂದಾದರೆ? ವರ್ಷದ ಹೆಚ್ಚು ಕಾಲ ಹೇಗೆ ಕಳೆಯಿತು ಎಂದು ನೋಡುವ ಈ ‘ಪ್ರಧಾನ ಸ್ಥಿತಿ’ಯಲ್ಲಿ ಅವಳು ಹೊರಗೆ. ಆದರೆ ವರ್ಷದಲ್ಲಿ 30 ದಿನ ಅಥವಾ ಹೆಚ್ಚು ದುಡಿದವರಿಗೆ ‘ಪೂರಕ ಸ್ಥಿತಿ’ ಎಂಬ ಇನ್ನೊಂದು ಬಾಗಿಲಿದೆ. ಮೂರು ತಿಂಗಳು ದುಡಿದ ಅವಳು ಆ ಬಾಗಿಲಿನಿಂದ ಒಳಗೆ ಬರುತ್ತಾಳೆ. ಪ್ರಧಾನ, ಪೂರಕ ಎರಡನ್ನೂ ಕೂಡಿಸಿದ ಅಂಕಿಯೇ ನಮ್ಮ ವಾರ್ಷಿಕ ವರದಿಗಳಲ್ಲಿ ಹೆಚ್ಚಾಗಿ ಉಲ್ಲೇಖವಾಗುವುದು.

ವಾರದ ಅಳತೆಯಲ್ಲಿ ನೋಡುವುದು ಕಳೆದ ಏಳು ದಿನಗಳನ್ನು ಮಾತ್ರ. ಏಳರಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಅವರು ಉದ್ಯೋಗಸ್ಥರು. ಒಂದು ಗಂಟೆಯೂ ಕೆಲಸ ಸಿಗದೆ, ಆದರೆ ಹುಡುಕಿದ್ದರೆ ಅಥವಾ ಸಿಕ್ಕರೆ ಮಾಡಲು ಸಿದ್ಧರಿದ್ದರೆ ನಿರುದ್ಯೋಗಿ. ‘ಒಂದು ಗಂಟೆಯೇ?’ ಎಂದು ಅನೇಕರು ಹುಬ್ಬೇರಿಸುತ್ತಾರೆ. ಇದು ಭಾರತದ ಸರ್ಕಾರ ಅಂಕಿಯನ್ನು ಚಂದಗಾಣಿಸಲು ಕಟ್ಟಿಕೊಂಡ ನಿಯಮವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮಾನದಂಡದಲ್ಲೇ ಒಂದು ಗಂಟೆಯ ಮಾತಿದೆ. ದೇಶದ ಒಟ್ಟು ಉತ್ಪಾದನೆಯಲ್ಲಿ ಆ ಒಂದು ಗಂಟೆಯ ಫಲವೂ ಸೇರಿರುವಾಗ ಅದನ್ನು ದುಡಿದವರೂ ಎಣಿಕೆಗೆ ಸಿಗಬೇಕು ಎಂಬುದು ಹಿಂದಿನ ತರ್ಕ. ತರ್ಕ ಸರಿಯಾಗಿದೆ. ಆದರೆ ಒಂದು ಗಂಟೆ ದುಡಿದವರ ಒಲೆ ವಾರವಿಡೀ ಉರಿಯಿತೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಆ ಉತ್ತರಕ್ಕೆ ದಿನದ ಅಳತೆ ಬೇಕು. ಏಳು ದಿನವನ್ನು ಹದಿನಾಲ್ಕು ಅರ್ಧ ದಿನಗಳಾಗಿ ಒಡೆಯಿರಿ. ಒಂದು ಗಂಟೆಯಿಂದ ನಾಲ್ಕು ಗಂಟೆಯ ಒಳಗೆ ದುಡಿದರೆ ಅರ್ಧ ದಿನ, ನಾಲ್ಕು ಅಥವಾ ಹೆಚ್ಚಾದರೆ ಪೂರ್ತಿ ದಿನ. ಕೂಲಿ ಮನೆಯ ಗಂಡ ಕಳೆದ ವಾರ ಮೂರು ದಿನ ಪೂರ್ತಿ ದುಡಿದ, ಮೂರು ದಿನ ಪೇಟೆಯ ಸರ್ಕಲ್ಲಿನಲ್ಲಿ ನಿಂತು ಬರಿಗೈಯಲ್ಲಿ ಬಂದ, ಒಂದು ದಿನ ಮನೆಯಲ್ಲಿದ್ದ. ವಾರದ ಅಳತೆಯಲ್ಲಿ ಅವನು ಪೂರಾ ಉದ್ಯೋಗಸ್ಥ, ನಿರುದ್ಯೋಗ ಸೊನ್ನೆ. ದಿನದ ಅಳತೆಯಲ್ಲಿ ದುಡಿದ ಮತ್ತು ಕೆಲಸಕ್ಕೆ ಕಾದ ಒಟ್ಟು ಆರು ದಿನಗಳಲ್ಲಿ ಮೂರು ನಿರುದ್ಯೋಗದ್ದು, ಅಂದರೆ ಶೇ 50. ಅದೇ ಮನುಷ್ಯ, ಅದೇ ವಾರ.

ದೇಶದ ಮಟ್ಟದಲ್ಲೂ ಹೀಗೆಯೇ ಆಗಿದೆ. 2004-05ರ ಸಮೀಕ್ಷೆಯಲ್ಲಿ ನಿರುದ್ಯೋಗ ದರ ವರ್ಷದ ಅಳತೆಯಲ್ಲಿ ಶೇ 2.3ರಷ್ಟಿದ್ದರೆ ದಿನದ ಅಳತೆಯಲ್ಲಿ ಶೇ 8ಕ್ಕೂ ಹೆಚ್ಚಿತ್ತು. ಬಡವರ ನಿರುದ್ಯೋಗ ವರ್ಷಗಟ್ಟಲೆ ಸುಮ್ಮನೆ ಕೂರುವ ರೂಪದಲ್ಲಿ ಬರುವುದಿಲ್ಲ, ಅಷ್ಟು ದಿನ ಕೂತರೆ ಹೊಟ್ಟೆಗೆ ಇರುವುದಿಲ್ಲ. ಅದು ಬರುವುದು ಹೀಗೆ ಅರ್ಧ ದಿನ, ಎರಡು ದಿನಗಳ ತುಂಡುಗಳಾಗಿ. ಈಗಿನ ವರದಿಗಳ ಮುಖಪುಟದಲ್ಲಿ ದಿನದ ಅಳತೆ ಕಾಣುವುದಿಲ್ಲ ಎಂಬುದು ನನ್ನ ದೊಡ್ಡ ಬೇಸರ.

ನಾಲ್ಕನೆಯ ಹೆಜ್ಜೆ: ಮೂರು ಡಬ್ಬಿಗಳು

ಈಗ ವಾರದ ಅಳತೆ ಹಿಡಿದು ಏಳು ಜನರನ್ನೂ ಮೂರು ಡಬ್ಬಿಗಳಿಗೆ ಹಾಕೋಣ: ದುಡಿಯುತ್ತಿರುವವರು, ದುಡಿಮೆ ಬೇಕೆಂದು ಕಾಯುತ್ತಿರುವವರು, ಎರಡೂ ಅಲ್ಲದವರು. ನಿಯಮ ಒಂದೇ. ಮೊದಲ ಡಬ್ಬಿಗೆ ಮೊದಲ ಹಕ್ಕು, ಎರಡನೆಯದಕ್ಕೆ ಆಮೇಲಿನದು, ಉಳಿದವರು ಮೂರನೆಯದಕ್ಕೆ. ಮೊದಲೆರಡು ಡಬ್ಬಿಗಳು ಸೇರಿದರೆ ಕಾರ್ಮಿಕ ಬಲ. ಕಾರ್ಮಿಕರು ಎಂದರೆ ಕೂಲಿಯವರು, ಕಾರ್ಖಾನೆಯವರು ಎಂಬ ರೂಢಿ ಅರ್ಥವನ್ನು ಇಲ್ಲಿ ಬದಿಗಿಡಿ. ಸ್ವಂತ ದವಾಖಾನೆಯ ವೈದ್ಯರೂ, ಹತ್ತು ಜನರಿಗೆ ಕೆಲಸ ಕೊಟ್ಟ ಮಾಲೀಕರೂ ಇದರಲ್ಲಿದ್ದಾರೆ. ಕೆಲಸವಿಲ್ಲದ ನಿರುದ್ಯೋಗಿಯೂ ಇದ್ದಾನೆ.

ಯಜಮಾನ ಕಳೆದ ವಾರ ಜ್ವರ ಬಂದು ಮಲಗಿದ್ದ, ತೋಟಕ್ಕೆ ಕಾಲಿಡಲಿಲ್ಲ. ಆದರೂ ಮೊದಲ ಡಬ್ಬಿ. ಇದ್ದ ಕೆಲಸಕ್ಕೆ ಕಾಯಿಲೆಯಿಂದ ಹೋಗಲಾಗದಿದ್ದರೆ ಉದ್ಯೋಗ ಹೋದಂತಲ್ಲ. ಯಜಮಾನತಿ ಮತ್ತು ಕೂಲಿ ಮನೆಯ ಗಂಡ ಮೊದಲ ಡಬ್ಬಿ. ಕೂಲಿಯ ಹೆಂಗಸು ನಾವು ಕೇಳಿದ್ದು ಡಿಸೆಂಬರಿನಲ್ಲಾದರೆ ಮೊದಲನೆಯದು, ಜುಲೈಯಲ್ಲಾದರೆ “ಯಾರಾದರೂ ಕರೆದರೆ ಹೋಗುತ್ತೀರಾ?” ಎಂಬ ಪ್ರಶ್ನೆಗೆ ಅವಳು ಕೊಡುವ ಉತ್ತರದ ಮೇಲೆ ಎರಡನೆಯದು ಅಥವಾ ಮೂರನೆಯದು. ಆ ಪ್ರಶ್ನೆಯನ್ನು ಬಿಡಬೇಡಿ. ಕೆಲಸ ಹುಡುಕಿಕೊಂಡು ಹೊರಗೆ ಹೋಗುವ ರೂಢಿ ಹಳ್ಳಿಯಲ್ಲಿಲ್ಲ, ತೋಟದವರೇ ಕರೆಕಳುಹಿಸುತ್ತಾರೆ. ‘ಹುಡುಕಿದಿರಾ’ ಎಂದು ಮಾತ್ರ ಕೇಳಿದರೆ ‘ಇಲ್ಲ’ ಎಂಬ ಉತ್ತರ ಬಂದು ಒಬ್ಬ ನಿರುದ್ಯೋಗಿ ಲೆಕ್ಕದಿಂದ ಮಾಯವಾಗುತ್ತಾಳೆ. ಅದಕ್ಕಾಗಿಯೇ ನಮ್ಮ ಸಮೀಕ್ಷೆಯಲ್ಲಿ ಹುಡುಕಿದವರಿಗೆ ಒಂದು, ಹುಡುಕದೆ ಸಿದ್ಧರಿದ್ದವರಿಗೆ ಇನ್ನೊಂದು ಸಂಕೇತ ಸಂಖ್ಯೆ ಇಟ್ಟಿದ್ದಾರೆ. ನಾವು ಈಗ ಡಿಸೆಂಬರ್ ಎಂದೇ ಇಟ್ಟುಕೊಳ್ಳೋಣ.

ಕಿರಿಯ ಮಗ ಮನೆಯಲ್ಲೇ ಕುಳಿತು ಕೆಪಿಎಸ್‌ಸಿ ಪರೀಕ್ಷೆಗಳಿಗೆ ಓದುತ್ತಿದ್ದಾನೆ, ಹುದ್ದೆಗಳಿಗೆ ಅರ್ಜಿ ಹಾಕಿದ್ದಾನೆ, ಸಿಕ್ಕರೆ ನಾಳೆಯೇ ಸೇರುತ್ತಾನೆ. ಎರಡನೆಯ ಡಬ್ಬಿ, ನಿರುದ್ಯೋಗಿ. ಆದರೆ ಅಪ್ಪ ಮಲಗಿದ್ದರಿಂದ ಮಂಗಳವಾರ ಅವನೇ ಎರಡು ಗಂಟೆ ತೋಟಕ್ಕೆ ನೀರು ಹಾಯಿಸಿದ್ದರೆ ಮೊದಲ ಡಬ್ಬಿಗೆ ಹಾರುತ್ತಾನೆ. ಅವನಿಗೆ ಕೇಳಿದರೆ ‘ನಾನು ನಿರುದ್ಯೋಗಿ’ ಎನ್ನುತ್ತಾನೆ, ಸಮೀಕ್ಷೆ ‘ಉದ್ಯೋಗಸ್ಥ’ ಎನ್ನುತ್ತದೆ. ಪದವೀಧರರ ಸಂಕಟಕ್ಕೂ ಅಂಕಿಗೂ ತಾಳೆಯಾಗುವುದಿಲ್ಲ ಎಂದು ಜನರಿಗೆ ಅನ್ನಿಸುವುದು ಇಂಥ ಕಡೆಗಳಲ್ಲೇ. ಈ ಉದಾಹರಣೆಯಲ್ಲಿ ಅವನು ತೋಟಕ್ಕೆ ಹೋಗಲಿಲ್ಲ ಎನ್ನೋಣ.

ಮಗಳು ಓದುತ್ತಿದ್ದಾಳೆ, ಮೂರನೆಯ ಡಬ್ಬಿ. ಸಂಜೆ ಹಣ ಪಡೆದು ಮಕ್ಕಳಿಗೆ ಪಾಠ ಹೇಳಿದ್ದರೆ ಮೊದಲನೆಯದಾಗುತ್ತಿತ್ತು. ಅಜ್ಜಿಗೆ ವೃದ್ಧಾಪ್ಯ ವೇತನ ಬರುತ್ತದೆ, ಮೂರನೆಯ ಡಬ್ಬಿ. ಹಾಗೆಂದು ಎದ್ದುಬಿಡಬೇಡಿ. “ಅಜ್ಜಿ, ಈ ವಾರ ಅಡಿಕೆ ಸುಲಿದಿರಾ?” ಎಂದು ಕೇಳಿ. “ಕಣ್ಣು ಕಾಣುವುದಿಲ್ಲ, ಆದರೂ ದಿನಾ ಒಂದು ಬುಟ್ಟಿ” ಎಂದರೆ ಮೊದಲ ಡಬ್ಬಿ. ನಮ್ಮ ಅಜ್ಜಿ ಹಾಗೆಯೇ ಹೇಳಿದಳು.

ಐದನೆಯ ಹೆಜ್ಜೆ: ಭಾಗಾಕಾರ

ಮೊದಲ ಡಬ್ಬಿಯಲ್ಲಿ ಯಜಮಾನ, ಯಜಮಾನತಿ, ಅಜ್ಜಿ, ಕೂಲಿ ದಂಪತಿ, ಐವರು. ಎರಡನೆಯದರಲ್ಲಿ ಕಿರಿಯ ಮಗ. ಮೂರನೆಯದರಲ್ಲಿ ಮಗಳು. ಎರಡು ಮನೆಗಳಿಗೆ ಶೇಕಡಾವಾರು ತೆಗೆಯುವುದು ಅರ್ಥವಿಲ್ಲದ ಮಾತು, ಹಾಗಾಗಿ ಇಂಥ ಮನೆಗಳಿರುವ ಒಂದು ಕೇರಿಯನ್ನು ತೆಗೆದುಕೊಳ್ಳೋಣ. 15 ದಾಟಿದವರು 50 ಮಂದಿ, ದುಡಿಯುವವರು 28, ನಿರುದ್ಯೋಗಿಗಳು 2.

ಕಾರ್ಮಿಕ ಬಲ 30. ಅದನ್ನು 50ರಿಂದ ಭಾಗಿಸಿದರೆ ಭಾಗವಹಿಸುವಿಕೆ ದರ ಶೇ 60. ದುಡಿಯುವ 28ನ್ನು 50ರಿಂದ ಭಾಗಿಸಿದರೆ ಉದ್ಯೋಗಸ್ಥರ ಪ್ರಮಾಣ ಶೇ 56. ನಿರುದ್ಯೋಗ ದರಕ್ಕೆ ಮಾತ್ರ ಭಾಜಕ ಬೇರೆ. 2ನ್ನು 50ರಿಂದಲ್ಲ, 30ರಿಂದ ಭಾಗಿಸಬೇಕು. ಶೇ 6.7. ಟಿ.ವಿ. ಚರ್ಚೆಗಳಲ್ಲಿ ‘ನೂರು ಜನರಲ್ಲಿ ಇಷ್ಟು ಮಂದಿ ನಿರುದ್ಯೋಗಿಗಳು’ ಎಂದು ಹೇಳುವವರು ಈ ಭಾಜಕವನ್ನು ಮರೆತಿರುತ್ತಾರೆ. ನೂರು ಜನರಲ್ಲಲ್ಲ, ಕಾರ್ಮಿಕ ಬಲದ ನೂರು ಜನರಲ್ಲಿ.

ಈಗ ಪೆನ್ಸಿಲ್ ಹಿಡಿದು ಎರಡು ಪ್ರಯೋಗ ಮಾಡಿ. ಮೊದಲನೆಯದು: ಆ ಇಬ್ಬರು ನಿರುದ್ಯೋಗಿಗಳು ಬೇಸತ್ತು ‘ಇನ್ನು ಕೆಲಸವೇ ಬೇಡ’ ಎಂದು ಕೂತರು. ಕಾರ್ಮಿಕ ಬಲ 28, ಭಾಗವಹಿಸುವಿಕೆ ಶೇ 56, ನಿರುದ್ಯೋಗ ಸೊನ್ನೆ. ಕೇರಿಯಲ್ಲಿ ಒಂದೂ ಹೊಸ ಉದ್ಯೋಗ ಹುಟ್ಟಲಿಲ್ಲ. ಎರಡನೆಯದು: ಮೊದಲಿನ ಲೆಕ್ಕಕ್ಕೆ ಮರಳಿ, ‘ಮನೆಯಲ್ಲೇ ಇದ್ದೇನೆ’ ಎಂದಿದ್ದ ಎಂಟು ಹೆಂಗಸರನ್ನು ಹಸುವಿನ ಬಗ್ಗೆ ಕೇಳಿ ಒಳಗೆ ತಂದೆವು. ದುಡಿಯುವವರು 36, ಕಾರ್ಮಿಕ ಬಲ 38, ಭಾಗವಹಿಸುವಿಕೆ ಶೇ 76ಕ್ಕೆ ಏರಿತು, ನಿರುದ್ಯೋಗ ಶೇ 5.3ಕ್ಕೆ ಇಳಿಯಿತು. ಇಲ್ಲಿಯೂ ಹೊಸ ಉದ್ಯೋಗವಿಲ್ಲ. ಆದರೆ ಈ ಸಲ ಲೆಕ್ಕ ಸುಳ್ಳಾಗಿಲ್ಲ, ಸತ್ಯಕ್ಕೆ ಹತ್ತಿರವಾಗಿದೆ. ದರ ಇಳಿದದ್ದು ಯಾವ ಕಾರಣಕ್ಕೆ ಎಂಬುದನ್ನು ನಿರುದ್ಯೋಗ ದರ ಒಂದನ್ನೇ ನೋಡಿ ಹೇಳಲಾಗದು. ಅದಕ್ಕೇ ನಾನು ಯಾವ ವರದಿ ಬಂದರೂ ಮೊದಲು ಭಾಗವಹಿಸುವಿಕೆ ದರ ನೋಡುತ್ತೇನೆ, ಅದರಲ್ಲೂ ಗ್ರಾಮೀಣ ಮಹಿಳೆಯರ ಸಾಲನ್ನು.

ಆರನೆಯ ಹೆಜ್ಜೆ: ದೇಶದ ಅಂಕಿಯನ್ನು ಓದುವುದು

ಕೇರಿಯಲ್ಲಿ ಮಾಡಿದ್ದನ್ನೇ ದೇಶದ ಅಂಕಿಗೆ ಹಿಡಿದು ನೋಡಿ. ವರ್ಷದ ಅಳತೆಯಲ್ಲಿ, 15 ದಾಟಿದವರಲ್ಲಿ, 2017-18ರ ನಿರುದ್ಯೋಗ ದರ ಶೇ 6. 2023-24ರಲ್ಲಿ ಶೇ 3.2. ಅದೇ ಅವಧಿಯಲ್ಲಿ ಮಹಿಳೆಯರ ಭಾಗವಹಿಸುವಿಕೆ ಶೇ 23.3ರಿಂದ ಶೇ 41.7ಕ್ಕೆ, ಗ್ರಾಮೀಣ ಮಹಿಳೆಯರದು ಶೇ 24.6ರಿಂದ ಶೇ 47.6ಕ್ಕೆ ಏರಿದೆ. ಪುರುಷರದು ಶೇ 75.8ರಿಂದ ಶೇ 78.8ಕ್ಕೆ ಮಾತ್ರ. ಆರು ವರ್ಷಗಳಲ್ಲಿ ಇಷ್ಟು ದೊಡ್ಡ ಜಿಗಿತ ಎಲ್ಲಿಂದ ಬಂತು ಎಂದು ಹುಡುಕಿದರೆ ಹೆಚ್ಚಿನ ಪಾಲು ಸ್ವಯಂ ಉದ್ಯೋಗದಲ್ಲಿ ಸಿಗುತ್ತದೆ. 2023-24ರಲ್ಲಿ ದುಡಿಯುವ ಮಹಿಳೆಯರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವರು ಕುಟುಂಬದ ಉದ್ಯಮದ ಸಂಬಳವಿಲ್ಲದ ಸಹಾಯಕಿಯರು, ಅಂದರೆ ನಮ್ಮ ಯಜಮಾನತಿಯಂಥವರು. ಅವರು ನಿಜವಾಗಿ ಹೊಸದಾಗಿ ದುಡಿಮೆಗೆ ಇಳಿದರೇ, ಸಂಕಷ್ಟ ಅವರನ್ನು ದೂಡಿತೇ, ಅಥವಾ ಮೊದಲಿನಿಂದ ಇದ್ದವರು ಈಗ ಕಣ್ಣಿಗೆ ಬಿದ್ದರೇ ಎಂದು ಅರ್ಥಶಾಸ್ತ್ರಜ್ಞರು ವಾದ ಮಾಡುತ್ತಿದ್ದಾರೆ. ಮೂರೂ ಸ್ವಲ್ಪ ಸ್ವಲ್ಪ ನಿಜವೆಂದು ನನ್ನ ಅಭಿಪ್ರಾಯ. ಆದರೆ ಈ ಏರಿಕೆಯನ್ನು ಸಂಬಳದ ಉದ್ಯೋಗದ ಏರಿಕೆ ಎಂದು ಓದುವುದನ್ನು ನಾನು ಒಪ್ಪುವುದಿಲ್ಲ.

ಅಂಕಿ ಕಂಡಾಗ ಯಾವ ಅಳತೆ, ಯಾವ ವಯಸ್ಸು, ಯಾವ ಅವಧಿ ಎಂದು ಕೇಳಿಕೊಳ್ಳಿ. 2023-24ರಲ್ಲೇ ವರ್ಷದ ಅಳತೆ ಶೇ 3.2 ಎಂದರೆ ವಾರದ ಅಳತೆ ಶೇ 4.9 ಎನ್ನುತ್ತಿತ್ತು. 2025ರ ಜನವರಿಯಿಂದ ಸಮೀಕ್ಷೆಯ ವಿನ್ಯಾಸವೇ ಬದಲಾಗಿದೆ. ಮನೆಗಳ ಸಂಖ್ಯೆ ಸುಮಾರು 1.02 ಲಕ್ಷದಿಂದ 2.72 ಲಕ್ಷಕ್ಕೆ ಏರಿದೆ, ಆಯ್ದ ಮನೆಗೆ ನಾಲ್ಕು ತಿಂಗಳು ಸತತವಾಗಿ ಹೋಗುತ್ತಾರೆ, ಪ್ರತಿ ತಿಂಗಳೂ ವಾರದ ಅಳತೆಯ ಅಂಕಿ ಹೊರಬರುತ್ತದೆ. ಮೊದಲ ತಿಂಗಳ ವರದಿ 2025ರ ಏಪ್ರಿಲ್‌ನದು, ನಿರುದ್ಯೋಗ ಶೇ 5.1. ‘3.2 ಇದ್ದದ್ದು 5.1 ಆಯಿತು’ ಎಂದು ಯಾರಾದರೂ ಬರೆದರೆ ಅವರು ಸೇರನ್ನು ಲೀಟರಿಗೆ ಹೋಲಿಸುತ್ತಿದ್ದಾರೆ. ಜನಗಣತಿಯ ಅಂಕಿಯೂ ಬೇರೆ ಜಾತಿಯದು. ಅಲ್ಲಿ ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ‘ಮುಖ್ಯ ಕೆಲಸಗಾರರು’, ಕಡಿಮೆಯಾದರೆ ‘ಅಲ್ಪಾವಧಿ ಕೆಲಸಗಾರರು’.

ಬೇರೆ ದೇಶಗಳ ಜೊತೆ ಹೋಲಿಸುವಾಗ ಇನ್ನೂ ಎಚ್ಚರ ಬೇಕು. ಅಮೆರಿಕದಲ್ಲಿ ಎಣಿಕೆ 16 ವರ್ಷದಿಂದ ಶುರು, ನಿರುದ್ಯೋಗಿ ಎನಿಸಿಕೊಳ್ಳಲು ಸಾಮಾನ್ಯವಾಗಿ ಕಳೆದ ನಾಲ್ಕು ವಾರಗಳಲ್ಲಿ ಕೆಲಸ ಹುಡುಕಿರಬೇಕು. ಮುಖ್ಯವಾದದ್ದು, ಕುಟುಂಬದ ಉದ್ಯಮದಲ್ಲಿ ಸಂಬಳವಿಲ್ಲದೆ ದುಡಿಯುವವರು ವಾರಕ್ಕೆ ಕನಿಷ್ಠ 15 ಗಂಟೆ ದುಡಿದರೆ ಮಾತ್ರ ಅಲ್ಲಿ ಉದ್ಯೋಗಸ್ಥರು. ದಿನಕ್ಕೊಂದು ಬುಟ್ಟಿ ಅಡಿಕೆ ಸುಲಿಯುವ ನಮ್ಮ ಅಜ್ಜಿ ಅಲ್ಲಿನ ಲೆಕ್ಕದಲ್ಲಿ ಉಳಿಯುವುದಿಲ್ಲ. 2013ರಲ್ಲಿ ಜಿನೀವಾದಲ್ಲಿ ಸೇರಿದ ಕಾರ್ಮಿಕ ಅಂಕಿಅಂಶ ತಜ್ಞರ 19ನೆಯ ಅಂತರರಾಷ್ಟ್ರೀಯ ಸಮ್ಮೇಳನ ಇನ್ನೊಂದು ಹೆಜ್ಜೆ ಇಟ್ಟಿತು. ‘ಕೆಲಸ’ ಮತ್ತು ‘ಉದ್ಯೋಗ’ ಎರಡನ್ನೂ ಬೇರೆ ಮಾಡಿ, ಸ್ವಂತ ಮನೆಯ ಅಡುಗೆಯೂ ಕೆಲಸವೇ ಎಂದು ಒಪ್ಪಿತು, ಉದ್ಯೋಗ ಎಂಬ ಹೆಸರನ್ನು ಕೂಲಿ ಅಥವಾ ಲಾಭಕ್ಕಾಗಿ ಮಾಡಿದ್ದಕ್ಕೆ ಮೀಸಲಿಟ್ಟಿತು. ಅದನ್ನು ಹಾಗೆಯೇ ಅನ್ವಯಿಸಿದರೆ ಮುಖ್ಯವಾಗಿ ಮನೆಯ ಊಟಕ್ಕೇ ಭತ್ತ ಬೆಳೆಯುವ ರೈತ ಉದ್ಯೋಗಸ್ಥನಲ್ಲ. ನಮ್ಮ ಸಮೀಕ್ಷೆ ಅವನನ್ನು ಈಗಲೂ ಎಣಿಸುತ್ತಿದೆ.

ನೋಟ್‌ಬುಕ್ಕಿನ ಬಲಗಡೆಯ ಕಲಂ

ಯಜಮಾನತಿಯ ದಿನವನ್ನು ಬರೆದುಕೊಂಡಾಗ ಬಲಗಡೆಗೆ ಹಾಕಿದ್ದನ್ನು ಎಸೆಯಬೇಡಿ. ಅದಕ್ಕೂ ಅಳತೆ ಇದೆ, ಸಮಯ ಬಳಕೆ ಸಮೀಕ್ಷೆ. ದೇಶವ್ಯಾಪಿಯಾಗಿ ಮೊದಲ ಸಲ 2019ರಲ್ಲಿ, ಮತ್ತೆ 2024ರಲ್ಲಿ ನಡೆಯಿತು. ಹಿಂದಿನ ದಿನದ 24 ಗಂಟೆಗಳನ್ನು ಅರ್ಧ ಗಂಟೆಯ ತುಂಡುಗಳಾಗಿ ಕೇಳಿ ಬರೆದುಕೊಳ್ಳುತ್ತಾರೆ. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಕಳೆಯುತ್ತಾರೆ, ಪುರುಷರು 88 ನಿಮಿಷ ಎಂದು 2024ರ ಸಮೀಕ್ಷೆ ಹೇಳಿತು. 2019ರಲ್ಲಿ ಅದು 299 ಮತ್ತು 97 ಇತ್ತು. ನಿಮ್ಮ ಬೀದಿಯ ಲೆಕ್ಕ ಮಾಡುವಾಗ ಎರಡೂ ಕಲಂಗಳ ಮೊತ್ತ ತೆಗೆಯಿರಿ. ಎಡಗಡೆಯದು ಕಾರ್ಮಿಕ ಬಲಕ್ಕೆ, ಬಲಗಡೆಯದು ಆ ಬಲವನ್ನು ದಿನವೂ ಉಣಿಸಿ ಕಳುಹಿಸುವ ದುಡಿಮೆಗೆ.

ಇನ್ನು, ಯಾವತ್ತಾದರೂ ನಿಜವಾದ ಸಮೀಕ್ಷೆಯವರೇ ಟ್ಯಾಬ್ ಹಿಡಿದು ನಿಮ್ಮ ಮನೆಗೆ ಬಂದರೆ, ಗುರುತಿನ ಚೀಟಿ ನೋಡಿ ಒಳಗೆ ಕರೆಯಿರಿ. ಇಡೀ ಮನೆಯ ಪರವಾಗಿ ಒಬ್ಬರೇ ಉತ್ತರ ಹೇಳಿಬಿಡುವುದು ಸಾಮಾನ್ಯ, ಹಳ್ಳಿಗಳಲ್ಲಿ ಆ ಒಬ್ಬರು ಹೆಚ್ಚಾಗಿ ಗಂಡಸರು. ಹೆಂಗಸರ ಬಗ್ಗೆ ಪ್ರಶ್ನೆ ಬಂದಾಗ ಅವರನ್ನೇ ಕರೆದು ಕೂರಿಸಿ. ಅವರು “ನನಗೇನು ಕೆಲಸ” ಎಂದು ಶುರು ಮಾಡಿದರೆ, ಕೊಟ್ಟಿಗೆಯ ಕಡೆ ಕೈ ತೋರಿಸಿ, “ಇವತ್ತು ಹಾಲು ಕರೆದವರು ಯಾರು?” ಎಂದು ನೀವೇ ಕೇಳಿ.